ಮೋಟರಿಲ್ಲದ ಲೆನ್ಸು ಮಾರಲು ಹೋಗಿ

ಹಳೇ ಸಾಮಾನು ಮಾರುತ್ತೇನೆಂದು ಬಾಯಿಬಿಟ್ಟರೆ ಸಾಕು, ಗಿರಾಕಿಗಿಂತ ಮೊದಲು ಫಜೀತಿ ಬಾಗಿಲಿಗೆ ಬಂದು ನಿಲ್ಲುತ್ತದೆ. ದಾಂಡೇಲಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಫೋಟೋ ಸ್ಟುಡಿಯೋ ಮಾಡಿಕೊಂಡು ಕೂದಲು ಬೆಳ್ಳಗಾದ ನನಗೂ ಇದು ತಪ್ಪಲಿಲ್ಲ.

ಮಾರಬೇಕಾಗಿದ್ದು ರೀಲಿನ ಕಾಲದ ನನ್ನ ಜೂಮ್ ಲೆನ್ಸು. ಫೋಕಸ್ ತಾನೇ ಹಿಡಿಯುತ್ತದೆ, ಆದರೆ ಅದರ ಹೊಟ್ಟೆಯಲ್ಲಿ ಮೋಟರಿಲ್ಲ. ಮೋಟರು ಕ್ಯಾಮೆರಾದಲ್ಲಿರಬೇಕು, ಅದು ತಿರುಗಿಸಿದರೆ ಇದು ತಿರುಗುತ್ತದೆ. ಈಗಿನ ಎಷ್ಟೋ ಹಗುರ ಕ್ಯಾಮೆರಾಗಳಲ್ಲಿ ಆ ಮೋಟರೇ ಇಲ್ಲ. ಅಂಥವಕ್ಕೆ ಹಾಕಿದರೆ ಕೈಯಿಂದಲೇ ತಿರುಗಿಸಬೇಕು. ಇದನ್ನು ಜನ ದೋಷ ಅನ್ನುತ್ತಾರೆ, ನಾನು ಖಾನದಾನಿ ಗತ್ತು ಅನ್ನುತ್ತೇನೆ.

ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿದಳು: "ಮಗಳ ಮದವಿ ಬಂತು. ಬೀಗರಿಗೆ ಕೊಡೂ ಆಯೇರಿ ಸೀರಿ ಇಡಾಕ ಕಪಾಟ ಬೇಕು. ನಿಮ್ಮ ಲೆನ್ಸ ಹೊರಗ ಹೋಗಬೇಕು."

ಹೋಗಲಿ. ಆದರೆ ಅದನ್ನು ತಿರುಗಿಸಬಲ್ಲ ಕ್ಯಾಮೆರಾ ಇರುವ ಮನೆಗೇ ಹೋಗಲಿ ಎಂದು ನನ್ನ ಹಟ.

೧. ತೇರಗಾಂವದ ಕಾಕಾ

ತೇರಗಾಂವದಿಂದ ಒಬ್ಬ ತರುಣ ಕೊರಳಿಗೆ ಹೊಸ ಹಗುರ ಕ್ಯಾಮೆರಾ ಹಾಕಿಕೊಂಡು ಬಂದ, ಜೊತೆಗೆ ಅವನ ಕಾಕಾ. ಕಾಕಾ ಜನ್ಮದಲ್ಲಿ ಎತ್ತು ಬಿಟ್ಟು ಬೇರೇನನ್ನೂ ವ್ಯಾಪಾರ ಮಾಡಿದವರಲ್ಲ. ಲೆನ್ಸನ್ನು ಬಿಸಿಲಿಗೆ ಹಿಡಿದು, ಸುತ್ತಲೂ ತಿರುಗಿಸಿ ಸುಳಿ ನೋಡಿದರು. ಬೆನ್ನು ಸವರಿದರು. ಆಮೇಲೆ ನನ್ನ ಬಲಗೈ ಎಳೆದುಕೊಂಡು, ಮೇಲೆ ಟವೆಲ್ ಮುಚ್ಚಿ, ದನದ ಸಂತೆಯ ರಿವಾಜಿನಂತೆ ಬೆರಳು ಹಿಚುಕಿ ರೇಟು ಹೇಳತೊಡಗಿದರು. ನನಗೆ ಕಚಗುಳಿಯಾಗಿ ನಕ್ಕುಬಿಟ್ಟೆ. ವ್ಯವಹಾರ ಕುದುರಿತೆಂದು ಅವರು ತಿಳಿದರು.

"ಕಾಕಾ, ಮೊದಲ ಕೇಳ್ರಿ," ಎಂದೆ. "ಇದಕ್ಕ ಮೋಟರ ಇಲ್ಲ. ನಿಮ್ಮ ಹುಡುಗನ ಕ್ಯಾಮೆರಾಕ್ಕೂ ಇಲ್ಲ. ಮೋಟರ ಇರೋ ಕ್ಯಾಮೆರಾ ಜೋಡಿನ ಇದು ದುಡಿಯೂದು."

ಕಾಕಾ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು.

"ಅಂದ್ರ ಜೋಡಿ ಎತ್ತು ಇರಲಾರದ ಇದು ನೊಗಾ ಹೊರಾಂಗಿಲ್ಲ?"

"ಹೌದ್ರಿ," ಎಂದೆ ಹೆಮ್ಮೆಯಿಂದ.

"ಮತ್ತ ಒಂಟಿ ಎತ್ತ ಮಾರಾಕ ಕುಂತೀರಲ್ಲ, ನಾಚಿಕಿ ಬರಾಂಗಿಲ್ಲೇನು ನಿಮಗ?"

೨. ಜೋಯಿಡಾದ ಮಾಲೀಕರು

ಜೋಯಿಡಾ ಕಡೆ ಹೋಮ್‌ಸ್ಟೇ ನಡೆಸುತ್ತ, ಬಂದ ಪ್ರವಾಸಿಗರಿಗೆ ಮಂಗಟ್ಟೆ ಹಕ್ಕಿ ತೋರಿಸುವ ಮಾಲೀಕರೊಬ್ಬರು ಬಂದರು. ತಮ್ಮ ಹೊಸ ಕ್ಯಾಮೆರಾಕ್ಕೆ ಲೆನ್ಸು ಸಿಗಿಸಿ ಎದುರಿನ ತಂತಿಯ ಮೇಲಿದ್ದ ಕಾಗೆಯತ್ತ ಹಿಡಿದರು. ಕೈಯಿಂದ ತಿರುಗಿಸಿ ಫೋಕಸ್ ಹಿಡಿಯುವಷ್ಟರಲ್ಲಿ ಕಾಗೆ ಹಾರಿಹೋಗಿ, ತಂತಿಯೊಂದು ಮಾತ್ರ ಸ್ಪಷ್ಟವಾಗಿ ಬಂತು.

"ನಿಮ್ಮ ಕ್ಯಾಮೆರಾಕ್ಕ ಇದು ಹೊಂದಾಂಗಿಲ್ರಿ," ಎಂದೆ.

"ಹೊಂದೂದ್ಯಾಕ ಬೇಕ್ರಿ? ಉದ್ದ ಐತಿ, ಭಾರ ಐತಿ. ಕೊರಳಾಗ ಹಾಕ್ಕೊಂಡ ನಿಂತ್ರ ಸಾಕು, ಗೆಸ್ಟ್ ಮಂದಿ ನನ್ನ ಮಾತ ನಂಬತಾರ."

ನನಗೆ ರೇಗಿತು. ಈ ಊರಿನ ಅರ್ಧ ಮದುಮಕ್ಕಳ ಮುಖ ಕಂಡ ಲೆನ್ಸು ಅದು! "ಇದು ಲೆನ್ಸ್ರಿ, ತಾಯಿತ ಅಲ್ಲ," ಎಂದು ಬರಿಗೈಯಲ್ಲಿ ಕಳಿಸಿಬಿಟ್ಟೆ.

ಒಳಗಿಂದ ಹೆಂಡತಿಯ ದನಿ ಬಂತು: "ಮಗಳಿಗೂ ಇಷ್ಟ ಜಾಲಾಡಿ ವರಾ ನೋಡಲಿಲ್ಲ ನೀವು!"

೩. ಮುಂಡಗೋಡದ ಹುಡುಗಿ

ಕೊನೆಗೆ ಮುಂಡಗೋಡದಿಂದ ಒಬ್ಬ ಹುಡುಗಿ ಬಂದಳು. ಮೆಹಂದಿ, ಮದುವೆಗಳ ಫೋಟೋ ತೆಗೆಯುವವಳು. ಚೀಲದಿಂದ ಅವಳ ಅಬ್ಬಾನ ಹಳೇ ಕ್ಯಾಮೆರಾ ಹೊರಬಂತು. ಇಟ್ಟಿಗೆಯಷ್ಟು ಭಾರ, ಒಳಗೆ ಮೋಟರು! ಲೆನ್ಸು ಸಿಗಿಸಿ ಗುಂಡಿ ಒತ್ತಿದಳು. ಹಿಟ್ಟಿನ ಗಿರಣಿ ಶುರುವಾದ ಹಾಗೆ ಘರ್ರ್ ಎಂದು, ತಟ್ಟನೆ ಫೋಕಸ್ ಹಿಡಿಯಿತು. ಹೆಮ್ಮೆಗೆ ನನ್ನ ಕಣ್ಣೇ ತುಂಬಿಬಂತು.

ಅಷ್ಟರಲ್ಲಿ ಹೆಂಡತಿ ಚಹಾ ತಂದಳು.

"ಆಂಟಿ, ನಿಮ್ಮದ ಒಂದ ಫೋಟೋ ತೆಗೀತೇನ್ರಿ," ಎಂದಳು ಹುಡುಗಿ.

"ಬ್ಯಾಡವಾ, ನಾ ಫೋಟೋದಾಗ ಚಂದ ಬರಾಂಗಿಲ್ಲ."

"ಹೋಗ್ಲಿ, ಅಂಕಲ್ ಬಗ್ಗೆ ಒಂದ ಖರೇ ಮಾತ ಹೇಳ್ರಿ."

ಹೆಂಡತಿ ನನ್ನನ್ನು ನೋಡಿ ಬಿದ್ದು ಬಿದ್ದು ನಕ್ಕಳು. ಘರ್ರ್, ಕ್ಲಿಕ್!

ಕ್ಯಾಮೆರಾದ ಪರದೆಯನ್ನು ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು. ಕನ್ನಡಕ ಒರೆಸಿಕೊಂಡು, ಚಂದ ಬಂದಿದ್ದ ತನ್ನ ಮುಖವನ್ನು ಮತ್ತೊಮ್ಮೆ ನೋಡಿದಳು.

"ಇದ ನಮ್ಮ ಹಳೇ ಲೆನ್ಸೇನ್ರಿ?"

"ಮತ್ತ? ಅದ!" ಎಂದೆ ಎದೆಯುಬ್ಬಿಸಿ.

"ಹಂಗಾರ ಇಷ್ಟ ವರ್ಷ ಲೆನ್ಸಿನ ತಪ್ಪು ಇರಲಿಲ್ಲ," ಎಂದವಳೇ ಹುಡುಗಿಯ ಕಡೆ ತಿರುಗಿದಳು. "ನಮ್ಮ ಮಗಳ ಮದವಿ ಐತಿ. ಫೋಟೋ ನೀನ ತೆಗೀಬೇಕವಾ."

ಹೀಗೆ ಲೆನ್ಸಿನ ಜೊತೆಗೆ ನನ್ನ ಮನೆಯ ಆರ್ಡರೂ ಮುಂಡಗೋಡಕ್ಕೆ ಹೋಯಿತು.

ಮದುವೆಯಲ್ಲಿ ನಾನು ರುಮಾಲು ಸುತ್ತಿಕೊಂಡು, ಕ್ಯಾಮೆರಾ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ. ವಾಲಗದ ನಡುವೆಯೂ ಘರ್ರ್ ಕೇಳುತ್ತಿತ್ತು. ಗಂಡಿನ ತಂದೆ ಹತ್ತಿರ ಬಂದು, "ಫೋಟೋಗ್ರಾಫರ್ ಬೀಗರ ಮನ್ಯಾಗ ಹೊರಗಿನೋರು ಫೋಟೋ ತೆಗ್ಯಾಕತ್ತಾರಲ್ರಿ?" ಎಂದರು.

"ತೆಗೆಯೋರು ಯಾರರ ಆಗ್ಲಿ ಬೀಗ್ರ, ಲೆನ್ಸ್ ನಮ್ಮನೀದು," ಎಂದೆ.

ಬೀಗರು ನಕ್ಕರು. "ಕೊಟ್ಟಮ್ಯಾಲ ನಮ್ಮನೀದು ಅನಬಾರದ್ರಿ."

"ಮಗಳ ಬಗ್ಗೆ ಬೇಕಾರ ಆ ಮಾತ ಅನ್ರಿ, ಸುಮ್ಮನ ಕೇಳತೇನಿ," ಎಂದೆ. "ಲೆನ್ಸಿನ ಬಗ್ಗೆ ಮಾತ್ರ ಅನಬ್ಯಾಡ್ರಿ!"