ಇಂಟರ್ನೆಟ್ ಜಾಗಕ್ಕೆ ಚಕ್ಕುಬಂದಿ

ಇಂಟರ್ನೆಟ್ ಕಂಪನಿಯೊಂದಕ್ಕೆ ಪತ್ರ ಬರೆದು, "ತಾವು ಬಾಡಿಗೆಗೆ ಕೊಡುವ ಜಾಗದ ಚಕ್ಕುಬಂದಿ ತಿಳಿಸಬೇಕು" ಎಂದು ಕೇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ. ಇನ್ನೊಬ್ಬರು ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಇಬ್ಬರನ್ನೂ ಭೇಟಿ ಮಾಡಿಸೋಣ. ಆದರೆ ಆ ಭೇಟಿಗೆ ನಾನು ಮಾತ್ರ ಬರುವುದಿಲ್ಲ!

ಚಕ್ಕುಬಂದಿ ಗೊತ್ತಲ್ಲ? ಖರೀದಿ ಪತ್ರದಲ್ಲಿ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ದಾರಿ ಎಂದು ಬರೆಯುತ್ತಾರಲ್ಲ, ಅದು. ಮಾಮ ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿದ್ದು, ಸರಪಳಿ ಎಳೆಸುತ್ತ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಕರಿ ಮಣ್ಣನ್ನೆಲ್ಲ ತುಳಿದು, ಕಡೆಗೆ ಸಿಂದಗಿಯಲ್ಲಿ ಮನೆ ಮಾಡಿ ನಿವೃತ್ತರಾದವರು. ನೌಕರಿ ಬಿಟ್ಟರೂ ಅಳತೆ ಬಿಡಲಿಲ್ಲ. ಬಸ್ಸಿನಲ್ಲಿ ಮೂರು ಮಂದಿಯ ಸೀಟಿನಲ್ಲಿ ಕೂತರೆ ಗೇಣು ಹಾಕಿ ನೋಡಿ, ಪಕ್ಕದವನಿಗೆ, "ನಾಲ್ಕ ಬೆರಳ ನನ್ನ ಹದ್ದಿನ್ಯಾಗ ಬಂದೀರಿ, ಸ್ವಲ್ಪ ಸರೀರಿ" ಎನ್ನುತ್ತಿದ್ದರು. ತಾಟಿನಲ್ಲಿ ಬದನೆಕಾಯಿ ಪಲ್ಯದ ಎಣ್ಣೆ ಹರಿದು ಜುಣಕದ ಕಡೆಗೆ ಹೋದರೂ ಅವರ ಬಾಯಲ್ಲಿ ಬರುವ ಮಾತು ಒಂದೇ: ಒತ್ತುವರಿ.

ಇಂಥವರಿಗೆ ಅರವತ್ತು ದಾಟಿದ ಮೇಲೆ ವೆಬ್‌ಸೈಟು ಯಾಕೆ ಬೇಕಾಯಿತು? ಅವರ ನಾಲಿಗೆಯಿಂದ ಬೇಕಾಯಿತು. ಒಂದು ದಿನ ಯಾರೋ ಮನೆ ಮನೆಯ ಲೆಕ್ಕ ಬರೆದುಕೊಳ್ಳುವವರು ಬಂದು ಪಡಸಾಲೆಯಲ್ಲಿ ಕೂತು, "ನಿಮ್ಮ ಮನೆಯವರು ಏನ್ ಮಾಡ್ತಾರ್ರಿ?" ಎಂದು ಕೇಳಿದರಂತೆ. ಮಾಮ, "ಏನಿಲ್ರಿ, ಮನ್ಯಾಗ ಇರ್ತಾಳ" ಎಂದರು. ಬರೆದುಕೊಳ್ಳುವವರು "ಏನೂ ಇಲ್ಲ" ಎಂದು ಗಟ್ಟಿಯಾಗಿ ಓದಿಕೊಂಡು ಬರೆದುಕೊಂಡರು. ಅಲ್ಲೇ ಕಂಬಕ್ಕೆ ಒರಗಿ ಅತ್ತೆ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರಗಳನ್ನು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ ಸೂಜಿಯಲ್ಲೇ ಹೊಲಿಯುವ ಹೊದಿಕೆ ಅದು. ನಮ್ಮ ಬಳಗದಲ್ಲಿ ಹುಟ್ಟಿದ ಒಂದು ಕೂಸೂ ಅತ್ತೆಯ ಕೌದಿ ಇಲ್ಲದೆ ಮಲಗಿಲ್ಲ. ಅತ್ತೆ ದಾರ ಕಡಿದು, ಕೌದಿ ಮಡಚಿಟ್ಟು, ಎದ್ದು ಹೋದರು. ಆಮೇಲೆ ಅಡುಗೆ ಮಾಡಿದರು, ನೀರು ತುಂಬಿದರು, ಮಾಮನ ಜೊತೆ ಮಾತೂ ಆಡಿದರು. ಸೂಜಿ ಮಾತ್ರ ಮುಟ್ಟಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಓಣಿಯ ಹೆಂಗಸರು ಬಟ್ಟೆಯ ಗಂಟು ತಂದರೆ, "ನನಗೆಲ್ಲಿ ಬರತೈತವ್ವಾ, ನಾ ಏನೂ ಮಾಡಂಗಿಲ್ಲ" ಎಂದು ನಗುತ್ತ ತಿರುಗಿಸಿ ಕಳಿಸುತ್ತಿದ್ದರು. ಆ ನಗು ಮಾಮನಿಗೆ ಎಲ್ಲಿ ಚುಚ್ಚುತ್ತಿತ್ತೋ ಅವರೇ ಬಲ್ಲರು.

ನಾನು ಆಗ ಸಿಂದಗಿಯಲ್ಲಿ ಮದುವೆ ಕಾರ್ಡು ಟೈಪು ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಹೊಸದಾಗಿ ಇಂಟರ್ನೆಟ್ಟೂ ಬಂದಿತ್ತು. ಫೋನಿನ ತಂತಿಯಲ್ಲಿ ಬರುವ ಇಂಟರ್ನೆಟ್ಟು. ಯಾರಾದರೂ ಫೋನು ಮಾಡಿದರೆ ಹೋಗಿಬಿಡುತ್ತಿತ್ತು. ಒಂದು ಮಧ್ಯಾಹ್ನ ಮಾಮ ಬಂದು ಕುರ್ಚಿ ಎಳೆದುಕೊಂಡು ಕೂತರು.

"ತಂಗಿ, ಇದರಾಗ ಜಾಗಾ ಬಾಡಿಗಿ ಸಿಗತೈತಂತ, ಖರೇನು?"

"ಹೌದ್ರಿ ಮಾಮಾ. ಏನ್ ಇಡೋರದೀರಿ?"

"ನಿಮ್ಮತ್ತಿ ಹೊಲದದ್ದು ಅಷ್ಟೂ ಕೌದಿ ಒಂದ ಕಡೆ ಇಡಬೇಕು. ಮಂದಿ ನೋಡಬೇಕು. ಮೊದಲ ಅಕಿ ನೋಡಬೇಕು. ಎಲ್ಲಾ ಆಗೂ ತನಕ ಅಕಿಗಿ ಗೊತ್ತಾಗಬಾರದು."

ಬಾಯಿಂದ ಒಂದು ಮಾತು "ತಪ್ಪಾಯಿತು" ಎಂದಿದ್ದರೆ ಮುಗಿಯುತ್ತಿತ್ತಲ್ಲ? ಮುಗಿಯುತ್ತಿತ್ತು. ಆದರೆ ಅಷ್ಟು ಸುಲಭದ ಕೆಲಸ ಮಾಡಿದರೆ ಅವರು ನಮ್ಮ ಮಾಮ ಹೇಗಾದಾರು?

ಪುಕ್ಕಟೆ ಜಾಗ ಕೊಡುವ ಕಂಪನಿ ಒಂದಿದೆ, ಐದು ಎಂಬಿ ಕೊಡುತ್ತಾರೆ ಎಂದೆ. ಮಾಮ ಕಿಸೆಯಿಂದ ಪೆನ್ನು ತೆಗೆದು, "ಐದ ಎಂಬಿ ಅಂದ್ರ ಎಷ್ಟ ಗುಂಟೆ ಆತು?" ಎಂದರು. ನಾನು ಎಂಬಿಯನ್ನು ಗುಂಟೆಗೆ ಬದಲಾಯಿಸಲು ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ನನ್ನ ಓದಿನ ಮೇಲೆಯೇ ಅನುಮಾನ ಬಂತು. ಕೊನೆಗೆ, "ಸಣ್ಣ ಫೋಟೋ ಆದ್ರ ಎಂಬತ್ತು ಹಿಡಿತಾವ್ರಿ" ಎಂದಾಗ, "ಹಂಗ ಹೇಳು. ಅಂದ್ರ ಒಂದ ಹಿತ್ತಲ ಆತು" ಎಂದು ಬರೆದುಕೊಂಡರು.

ಪರೀಕ್ಷೆಗೆಂದು ಅವರ ಮನೆಯ ಒಂದೇ ಒಂದು ಕೌದಿಯ ಫೋಟೋ ಹಾಕಿದೆವು. ಪುಕ್ಕಟೆ ಜಾಗದ ರೀತಿ ನಿಮಗೆ ಗೊತ್ತೇ ಇದೆ. ಕೌದಿಯ ಕೆಳಗೆ ಬೊಕ್ಕ ತಲೆಗೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು ಮಿಂಚತೊಡಗಿತು. ಮಾಮ ತಮ್ಮ ತಲೆ ಸವರಿಕೊಂಡು ನನ್ನನ್ನು ನೋಡಿದರು. ಆಮೇಲೆ ಕನ್ನಡಕ ಏರಿಸಿ ತೀರ್ಪು ಕೊಟ್ಟರು: "ದಕ್ಷಿಣಕ್ಕ ಒತ್ತುವರಿ ಆಗೇತಿ. ನೋಟೀಸ್ ಕೊಡು."

ಕೊಟ್ಟೆವು! ಅವರು ಹೇಳಿದ್ದನ್ನು ನಾನು ನನಗೆ ಬಂದ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ಚಕ್ಕುಬಂದಿ ಕೇಳಿದ್ದೂ ಆ ಪತ್ರದಲ್ಲೇ. ಕೊನೆಗೆ ಏಳು ದಿನದೊಳಗೆ ಎಣ್ಣೆಯವರನ್ನು ತೆರವುಗೊಳಿಸಬೇಕೆಂಬ ತಾಕೀತು. ಎರಡೇ ನಿಮಿಷಕ್ಕೆ, ನಿಮ್ಮ ಪತ್ರ ತಲುಪಿದೆ, ಅದರ ಸಂಖ್ಯೆ ಇಷ್ಟು ಎಂದು ಯಂತ್ರದ ಉತ್ತರ ಬಂತು. ಮಾಮನಿಗೆ ಆನಂದವೋ ಆನಂದ. "ನೋಡು, ಇನ್‌ವರ್ಡ್ ನಂಬರ್ ಕೊಟ್ರು. ನಮ್ಮ ಆಫೀಸಿನ್ಯಾಗ ಇದಕ್ಕ ಹದಿನೈದ ದಿನ ಹಿಡಿತಿತ್ತು." ಆ ನಂಬರನ್ನು ಬರೆದು ಕಿಸೆಯಲ್ಲಿಟ್ಟುಕೊಂಡರು. ಎಣ್ಣೆಯವರು ಮಾತ್ರ ತೆರವಾಗಲಿಲ್ಲ.

ಹಾಗಾದರೆ ರೊಕ್ಕ ಕೊಟ್ಟು ಜಾಗ ಹಿಡಿಯಬೇಕು. ರೊಕ್ಕ ಎಲ್ಲಿಂದ ಬರಬೇಕು? ಪಿಂಚಣಿ ಬಂದ ದಿನವೇ ಪೂರ್ತಿ ಅತ್ತೆಯ ಕೈಗೆ ಹೋಗುತ್ತಿತ್ತು. ಅದರಿಂದ ಕೇಳಿದರೆ ಗುಟ್ಟು ರಟ್ಟು. ಮಾಮನ ಕೈಗೆ ಬರುತ್ತಿದ್ದದ್ದು ಚಹಾ, ಅಡಿಕೆ, ಕ್ಷೌರದ ಖರ್ಚು ಮಾತ್ರ. ಅವರು ಬಸ್ ಸ್ಟ್ಯಾಂಡಿನ ಚಹಾ ಬಿಟ್ಟರು, ಅಡಿಕೆ ಬಿಟ್ಟರು, ವಾರಕ್ಕೊಮ್ಮೆಯ ಕ್ಷೌರವನ್ನು ತಿಂಗಳಿಗೊಮ್ಮೆ ಮಾಡಿದರು. ಚಹಾ ಬಿಟ್ಟ ಮಾಮನನ್ನು ನೀವು ನೋಡಬೇಕಿತ್ತು! ಗಡ್ಡ ಬಿಟ್ಟುಕೊಂಡು, ಹೋಟೆಲಿನ ಮುಂದೆ ಹೋಗುವಾಗ ಮುಖ ಆ ಕಡೆ ತಿರುಗಿಸಿಕೊಂಡು ನಡೆಯುತ್ತಿದ್ದರು. ಅತ್ತೆ ನನ್ನನ್ನು ಕರೆದು, "ನಿಮ್ಮ ಮಾಮಾ ಯಾವುದರೆ ಮಠ ಸೇರಾಕ ಹೊಂಟಾರೇನ?" ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ. ಸುಳ್ಳು ಹೇಳುವುದು ಬಲು ಕಷ್ಟವಾಯಿತು, ಯಾಕೆಂದರೆ ಅವರು ನಿಜವಾಗಿಯೂ ಹೆದರಿದ್ದರು.

ಬೆಂಗಳೂರಿನ ಕಂಪನಿಗಳು ವರ್ಷಕ್ಕೆ ಮೂರು ಸಾವಿರದ ಮೇಲೆ ಹೇಳಿದವು. ಮಾಮ ಎಸ್‌ಟಿಡಿ ಬೂತಿನಲ್ಲಿ ನಿಂತು ಚೌಕಾಸಿ ಮಾಡಿದರು.

"ಹತ್ತ ಇಮೇಲ್ ಕೊಡ್ತೀವಿ ಅಂತೀರಿ. ಮನ್ಯಾಗ ನಾವ್ ಇಬ್ಬರ ಇರೂದು. ಎಂಟ ಕಳದು ರೇಟ್ ಹೇಳ್ರಿ."

ಆ ಕಡೆಯವರು ಏನೋ ಹೇಳಿದರು.

"ಡೇಟಾಬೇಸ್ ನಮಗ ಬ್ಯಾಡ್ರಿ. ಅದನ್ನೂ ಕಳೀರಿ. ನನಗ ಪಡಸಾಲಿ ಇದ್ರ ಸಾಕು, ಅಡಗಿಮನಿ ಯಾಕ?"

ಆ ಕಡೆಯವರು ಫೋನಿಟ್ಟರು. ಹೀಗೆ ನಾಲ್ಕು ಕಂಪನಿಗಳ ಜೊತೆ ಆಯಿತು. ಬೂತಿನ ಬಿಲ್ಲಿಗೆ ಎರಡು ವಾರದ ಚಹಾದ ರೊಕ್ಕ ಹೋಯಿತು. "ಬೆಂಗಳೂರವರಿಗಿ ವ್ಯಾಪಾರ ಗೊತ್ತಿಲ್ಲ" ಎಂದು ಮಾಮ ಆ ಊರನ್ನೇ ಕೈಬಿಟ್ಟರು.

ಅತ್ತ ಕೌದಿಗಳದ್ದು ಬೇರೆಯೇ ಕಥೆ. ಆ ಒಂದನ್ನು ಬಿಟ್ಟರೆ ಅತ್ತೆ ಹೊಲಿದ ಕೌದಿ ಅವರ ಮನೆಯಲ್ಲಿ ಉಳಿದಿದ್ದರೆ ತಾನೆ? ಎಲ್ಲ ಮಗಳಂದಿರ ಮನೆಗೆ, ನಾದಿನಿಯರ ಮನೆಗೆ, ಕೇಳಿದವರ ಮನೆಗೆ ಹೋಗಿದ್ದವು. ಮಾಮ ಗೆಳೆಯರೊಬ್ಬರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಇಂಡಿ, ಮುದ್ದೇಬಿಹಾಳ, ಮೋರಟಗಿ, ಇಂಗಳೇಶ್ವರ. ಹೋದವರು ಕುಶಲ ಕೇಳುವುದಿಲ್ಲ, ನೀರು ಕುಡಿಯುವುದಿಲ್ಲ. ಗಡ್ಡ ಬೆಳೆದ ಮುಖ ಹೊತ್ತು ಬಾಗಿಲಲ್ಲಿ ನಿಂತು, "ನಿಮ್ಮ ಮನ್ಯಾಗ ನಮ್ಮ ಕೌದಿ ಐತೇನು? ತಾಸೊತ್ತು ಕೊಡ್ರಿ" ಎನ್ನುವುದು. ಅಂಗಳದಲ್ಲಿ ಹಾಸಿ, ಟೇಪು ಹಿಡಿದು ಉದ್ದ ಅಗಲ ಅಳೆದು, ಫೋಟೋ ಹೊಡೆದು, ಮಡಚಿ ಕೊಟ್ಟು ಹೊರಡುವುದು.

ನೋಡಿದವರು ಏನು ತಿಳಿಯಬೇಕು? ಸಿಂದಗಿಯ ಮನೆ ಸೋತಿದೆ, ಪಾಪ, ಹೊದೆಯಲು ಹಾಸಲು ಇಲ್ಲದೆ ಕೊಟ್ಟ ಕೌದಿ ತಿರುಗಿ ಕೇಳಲು ಬಂದಿದ್ದಾರೆ, ನಾಚಿಕೆಗೆ ಅಳತೆಯ ನೆಪ ಹೇಳುತ್ತಾರೆ ಎಂದು ತಿಳಿದರು. ಇಂಗಳೇಶ್ವರದ ಬೀಗರಂತೂ ಕಣ್ಣಲ್ಲಿ ನೀರು ತಂದುಕೊಂಡು ಒಂದು ಸೊಲ್ಲಾಪುರ ಚಾದರ ಮಡಚಿ ಕೈಗಿಟ್ಟರಂತೆ. ಇಂಡಿಯವರು ಇನ್ನೊಂದು, ಮೋರಟಗಿಯವರು ಮತ್ತೊಂದು, ಜೊತೆಗೆ ಐದು ಸೇರು ಜೋಳ. ಮಾಮ ನಲವತ್ತೇಳು ಕೌದಿಯ ಫೋಟೋ, ಮೂರು ಚಾದರ ಮತ್ತು ಜೋಳದ ಚೀಲದೊಂದಿಗೆ ಮನೆಗೆ ಬಂದರು. "ಇವನ್ನ ಯಾಕ ತಂದ್ರಿ?" ಎಂದು ಅತ್ತೆ ಕೇಳಿದರೆ, "ಕೊಟ್ರು, ತಂದೆ" ಎಂದರು. ಮಠ ಸೇರುವ ಅನುಮಾನ ಗಟ್ಟಿಯಾಯಿತು.

ಜಾಗ ಕಡೆಗೂ ಸಿಕ್ಕಿದ್ದು ಬಿಜಾಪುರದಲ್ಲಿ. ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವರೊಬ್ಬರು ದೊಡ್ಡ ಜಾಗ ಹಿಡಿದು, ಅದನ್ನು ತುಂಡು ಮಾಡಿ ನಾಲ್ಕು ಮಂದಿಗೆ ಕೊಡುತ್ತಿದ್ದರು. ವೆಬ್‌ಸೈಟಿನ ಹೆಸರೂ ಸೇರಿ ವರ್ಷಕ್ಕೆ ಒಂದು ಸಾವಿರ ಎಂದರು. ಮಾಮ ಇಮೇಲು ಕಳೆದರು, ಡೇಟಾಬೇಸು ಕಳೆದರು, ಕೊನೆಗೆ ಅಲ್ಲಿನ ಫ್ಯಾನಿನ ಗಾಳಿಯನ್ನೂ ಹೊಗಳಿ ಎಂಟುನೂರಕ್ಕೆ ಇಳಿಸಿದರು. ಆಮೇಲೆ ಶುರುವಾಯಿತು ಚಕ್ಕುಬಂದಿ. ಆ ಮನುಷ್ಯ ಮೊದಲು ನಕ್ಕರು, ನಂತರ ವಿವರಿಸಿದರು, ನಂತರ ಮತ್ತೊಮ್ಮೆ ವಿವರಿಸಿದರು. ಒಂದು ತಾಸಾದ ಮೇಲೆ ಹಾಳೆ ಎಳೆದುಕೊಂಡು ಬರೆದುಕೊಟ್ಟರು: ಪೂರ್ವಕ್ಕೆ ಬಟ್ಟೆ ಅಂಗಡಿಯವರ ಸೈಟು, ಪಶ್ಚಿಮಕ್ಕೆ ಇಂಡಿಯ ಬೋರ್‌ವೆಲ್ ಏಜೆನ್ಸಿ, ಉತ್ತರಕ್ಕೆ ವಧೂವರರ ಕೇಂದ್ರ, ದಕ್ಷಿಣಕ್ಕೆ ಖಾಲಿ.

ಮಾಮ ಅದನ್ನು ಎರಡು ಸಲ ಓದಿದರು. "ನೆರಿ ಚಲೋ ಐತಿ" ಎಂದು ಹೇಳಿ ಎಂಟುನೂರು ಎಣಿಸಿ ಕೊಟ್ಟರು.

"ಹೆಸರ ಏನ್ ಇಡೂಣ್ರಿ?" ಎಂದು ಆ ಮನುಷ್ಯ ಕೇಳಿದರು.

ಮಾಮ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, "ಅಕಿದ" ಎಂದರು.

"ಅಕಿ ಅಂದ್ರ?"

ಮಾಮ ಕಿಸೆಯಿಂದ ಅತ್ತೆಯ ಮತದಾರರ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಕಡೆ ಹಳೆಯ ಮಂದಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ. ಮದುವೆಯಂಥ ಸಮಾರಂಭಗಳಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಂತು, ಗಂಡ ಹೆಂಡತಿ ಒಡಪಿನ ಪ್ರಾಸ ಕಟ್ಟಿ ಪರಸ್ಪರರ ಹೆಸರು ಹೇಳಿದರೇನೇ ಒಳಗೆ ಬಿಡುವುದು. ಉಳಿದವರು ಹೇಗೋ ಹೇಳಿ ಪಾರಾಗುತ್ತಾರೆ. ನಮ್ಮ ಮಾಮ ಸ್ವಂತ ಮದುವೆಯಲ್ಲೇ ಹೆಸರು ಹೇಳಲಾರದೆ ಹಿತ್ತಲ ಬಾಗಿಲಿನಿಂದ ಒಳಗೆ ಬಂದವರಂತೆ! ಮೂವತ್ತಾರು ವರ್ಷದ ಸಂಸಾರದಲ್ಲಿ "ಕೇಳತೈತೇನ" ಎನ್ನುವುದೇ ಅತ್ತೆಯ ಹೆಸರಾಗಿತ್ತು.

ಅಮಾವಾಸ್ಯೆಯ ದಿನ ನಮ್ಮ ಅಂಗಡಿಯ ಪೂಜೆ ಮುಗಿದ ಮೇಲೆ ವೆಬ್‌ಸೈಟಿನ ಪ್ರವೇಶ ಎಂದು ನಿಶ್ಚಯವಾಯಿತು. ಮಾಮ ಗಡ್ಡ ಬೋಳಿಸಿಕೊಂಡು ಬಂದರು. ಪೂಜೆಯ ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು. ಪ್ರಸಾದ ಇದೆ ಬಾ ಎಂದು ಹೇಳಿ ಅತ್ತೆಯನ್ನೂ, ಅವರ ಹಿಂದೆ ಓಣಿಯ ನಾಲ್ಕು ಹೆಂಗಸರನ್ನೂ ಕರೆತಂದಿದ್ದರು. ನಾನು ಇಂಟರ್ನೆಟ್ ಹಚ್ಚಿ, ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕೂತೆ.

"ಅಡ್ರೆಸ್ ಹೇಳ್ರಿ ಮಾಮಾ."

"ನಿನಗ ಗೊತ್ತೈತಲ್ಲ, ಹೊಡಿ."

"ಮರತೇನ್ರಿ."

ನನ್ನ ಮುಖ ನೋಡಿ ಒಬ್ಬ ಹೆಂಗಸಿಗೆ ಹೊಳೆಯಿತು. ಅವರು ಪಕ್ಕದವರನ್ನು ತಿವಿದರು. ನಾಲ್ವರೂ ಅಂಗಡಿಯ ಬಾಗಿಲಿಗೆ ಅಡ್ಡ ನಿಂತರು. ಅಂಗಡಿಗೆ ಹಿತ್ತಲ ಬಾಗಿಲು ಇರಲಿಲ್ಲ. ಮಾಮ ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಕೆಮ್ಮಿದರು, ಅತ್ತೆಯ ಕಡೆ ನೋಡದೆ ನೆಲ ನೋಡಿಕೊಂಡು ಹೇಳಿದರು:

"ನೀಲವ್ವನ ಕೌದಿ ಡಾಟ್ ಕಾಮ್."

ಯಾರೂ ನಗಲಿಲ್ಲ. ನಗಬೇಕೆಂದೇ ಬಾಗಿಲು ಅಡ್ಡಗಟ್ಟಿದ್ದ ಹೆಂಗಸರೂ ನಗಲಿಲ್ಲ. ಪರದೆಯ ಮೇಲೆ ಕೌದಿ ಮೇಲಿನಿಂದ ಗೇಣು ಗೇಣಾಗಿ ಬಿಚ್ಚಿಕೊಂಡಿತು, ಅದರ ಕೆಳಗೆ ಇನ್ನೊಂದು, ಮತ್ತೊಂದು. ಪ್ರತಿಯೊಂದರ ಪಕ್ಕದಲ್ಲಿ, ನಾನು ಸ್ಕ್ಯಾನ್ ಮಾಡಿ ಹಾಕಿದ್ದ ಮಾಮನ ಮುತ್ತಿನಂಥ ಸರ್ವೆ ಅಕ್ಷರದಲ್ಲಿ ಉದ್ದ, ಅಗಲ, ಯಾವ ಮಗುವಿಗೆ ಹೊಲಿದದ್ದು, ಪೂರ್ವಕ್ಕೆ ಹಸಿರು ಅಂಚು, ಪಶ್ಚಿಮಕ್ಕೆ ಇಳಕಲ್ ಸೀರೆಯ ಸೆರಗು. ಅತ್ತೆ ನಲವತ್ತೇಳನ್ನೂ ನಿಂತೇ ನೋಡಿದರು. ಒಂದರ ಹತ್ತಿರ ಬೆರಳಿಟ್ಟು, "ಇದು ನಮ್ಮವ್ವನ ಸೀರಿ" ಎಂದರು. ಆಮೇಲೆ ಸೆರಗು ಸರಿಮಾಡಿಕೊಂಡು, ಪ್ರಸಾದವನ್ನೂ ತೆಗೆದುಕೊಳ್ಳದೆ ಹೊರಟುಹೋದರು.

ಮಾಮನ ಮುಖ ನೋಡುವಂತಿರಲಿಲ್ಲ. "ಸಿಟ್ಟ ಬಂತೇನ ತಂಗಿ? ನಾಕ ಮಂದ್ಯಾಗ ಹೆಸರ ಹೇಳಬಾರದಿತ್ತೇನ? ಹೋಗಿ ನೋಡು" ಎಂದರು. ನಾನು ಓಡುನಡಿಗೆಯಲ್ಲಿ ಮನೆಗೆ ಹೋದೆ. ಆಟ ಹೂಡಿದವಳು ನಾನೇ ಅಲ್ಲವೇ?

ಅತ್ತೆ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ನಾನು ಬಂದದ್ದು ಗೊತ್ತಾಗಿ, ತಿರುಗದೆಯೇ ಕೈ ಹಿಂದಕ್ಕೆ ಚಾಚಿದರು. ಕೈಯಲ್ಲಿ ಸೂಜಿ ಇತ್ತು, ದಾರದ ಉಂಡೆ ಇತ್ತು.

"ಪೋಣಿಸಿ ಕೊಡವ್ವಾ. ಆಗಿಂದ ನೋಡಾಕತ್ತೇನಿ, ಕಣ್ಣ ತುಂಬಿ ಏನೂ ಕಾಣವಲ್ದು."

ನಾನು ಅವರ ಪಕ್ಕದಲ್ಲಿ ಕೂತು ಪೋಣಿಸತೊಡಗಿದೆ. ನನಗೂ ಎರಡು ಸಲ ತಪ್ಪಿತು.