ಎರಡು ನಿಮಿಷದ ಮೌನ

ಆಫೀಸಿನ ಹುಡುಗ ಸಂತೋಷ್ ಎಲ್ಲರ ಫೋನಿಗೂ ಷೇರಿನ ಆ್ಯಪ್ ಹಾಕಿಕೊಟ್ಟದ್ದೇ ತಪ್ಪಾಯಿತು. ಹಲಗೂರಿನ ಆ ಪುಟ್ಟ ಕಚೇರಿಯಲ್ಲಿ ಎಲ್ಲರೂ ಮದ್ದುಗುಂಡು ತಯಾರಿಸುವ ಕಂಪನಿಯೊಂದರ ಷೇರು ಕೊಂಡರು. ಗುಮಾಸ್ತ ಅಂಕಯ್ಯನೂ ಕೊಂಡ. ದುಡ್ಡು ಮಾತ್ರ ಅವನದಲ್ಲ, ಹೆಂಡತಿ ನಾಗಮಣಿ ಆರು ವರ್ಷ ರವಿಕೆ ಹೊಲಿದು ಕೂಡಿಟ್ಟದ್ದು. ಬಸ್‌ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಹಿಡಿಯಲು ಅವಳು ನಾಡಿದ್ದು ಅಡ್ವಾನ್ಸ್ ಕೊಡಬೇಕು. ಷೇರಿನ ವಿಷಯ ಅವಳಿಗೆ ಗೊತ್ತಿಲ್ಲ.

ಎಲ್ಲೋ ದೂರದ ದೇಶದಲ್ಲಿ ಯುದ್ಧ. ಅಲ್ಲಿ ಬಾಂಬು ಬಿದ್ದರೆ ಇಲ್ಲಿ ಷೇರು ಏರುತ್ತಿತ್ತು.

"ಅಣ್ಣೋ, ಇಸ್ಕೂಲ್ ಮ್ಯಾಲೆ ಬಿದ್ದದೆ! ನಲವತ್ ರೂಪಾಯ್ ಏರ್ತು!" ಬೆಳಗ್ಗೆಯೇ ಸಂತೋಷ್ ಕೂಗಿದ.

ಅಂಕಯ್ಯನಿಗೆ ಬಾಯಲ್ಲಿದ್ದ ಟೀ ಇಳಿಯಲಿಲ್ಲ. "ಸಾಕು ಕಣ್ಲಾ, ಮಾರ್ಬುಡ್ತೀನಿ."

"ಸುಮ್ಕಿರಣ್ಣ, ಇನ್ನೂ ಬೀಳ್ತವೆ."

"ಪಾಪ, ಮಕ್ಳು," ಎಂದು ಪಕ್ಕದ ಮೇಜಿನ ಕವಿತ ಲೊಚಗುಟ್ಟಿದಳು. ಮರುಕ್ಷಣವೇ, "ಸಂಜೆಗಂಟ ಇಟ್ಕಳಿ ಅಂಕಯ್ಯಣ್ಣ," ಎಂದಳು.

ಬುದ್ಧಿ ಹೇಳುವವರು ಇಷ್ಟು ಮಂದಿ ಇರುವಾಗ ಸ್ವಂತ ಬುದ್ಧಿಗೆ ಜಾಗವೆಲ್ಲಿ? ಅಂಕಯ್ಯ ಮಾರದೆ ಫೋನು ಕೆಳಗಿಟ್ಟ.

ಮಧ್ಯಾಹ್ನ ಮೂರೂ ಇಪ್ಪತ್ತೇಳಕ್ಕೆ ಅವನ ಫೋನು ಗುಂಯ್ ಎಂದಿತು. ಕದನ ವಿರಾಮದ ಮಾತುಕತೆ ಶುರುವಾಗಿತ್ತು. ಷೇರು ಬಾವಿಗೆ ಬಿದ್ದ ಕೊಡದ ಹಾಗೆ ಇಳಿಯುತ್ತಿತ್ತು. ಮೂರೂವರೆಗೆ ಮಾರುಕಟ್ಟೆ ಬಂದ್. ಮಾರಲು ಅಂಕಯ್ಯ ಬೆರಳೆತ್ತಿದ್ದೇ ತಡ, ಮ್ಯಾನೇಜರ್ ಶಿವರಾಜು ಚಪ್ಪಾಳೆ ತಟ್ಟಿದರು. ಯಾರು ಸತ್ತರೂ ಸಂತಾಪ ಸೂಚಿಸದೆ ಬಿಡುವ ಆಸಾಮಿಯಲ್ಲ ಅವರು.

"ಎಲ್ಲಾ ಎದ್ ನಿಂತ್ಕಳಿ. ಆ ಮಕ್ಕಳ್ಗೆ ಎರಡ್ ನಿಮಿಸ ಮೌನ. ಏನ್ರೀ ಅಂಕಯ್ಯ, ಇಂಥಾ ಒತ್ನಲ್ಲೂ ಫೋನಾ?"

ಅಂಕಯ್ಯ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕಣ್ಣು ಮುಚ್ಚಿದ. ಮೊದಲು ಕಂಡದ್ದು ನಾಗಮಣಿಯ ಹೊಲಿಗೆ ಮಿಷನ್ನು. ಆಮೇಲೆ, ಬೆಳಗ್ಗೆ ಟಿವಿಯಲ್ಲಿ ನೋಡಿದ ತಾಯಿ. ಊಟದ ಡಬ್ಬಿ ಹಿಡಿದುಕೊಂಡು ಸ್ಕೂಲಿನ ಗೇಟು ಎಲ್ಲಿತ್ತೆಂದು ಹುಡುಕುತ್ತಿದ್ದಳು. ಒಂದು ವಾರದಿಂದ ಯಾರದೋ ಮನೆ ಉರಿದಾಗಲೆಲ್ಲ ತಾನು ಒಳಗೊಳಗೇ ಹಿಗ್ಗಿದ್ದು ನೆನಪಾಗಿ ನಾಚಿಕೆಯಾಯಿತು. ದುಡ್ಡು ಹೋದರೆ ಹೋಗಲಿ ಎನ್ನುವಷ್ಟು ಸುಸ್ತಾಗಿತ್ತು ಅವನಿಗೆ.

"ಇನ್ನೊಂದ್ ನಿಮಿಸ ನಿಂತ್ಕಳಿ," ಶಿವರಾಜು ಗದ್ಗದಿತರಾದರು. "ಪಾಪ, ಬಾಳಾ ಜನ ಸತ್ತವ್ರೆ."

ಅಂಕಯ್ಯ ಕಣ್ಣು ತೆರೆದಾಗ ಮೂರೂವರೆ ದಾಟಿತ್ತು. ಷೇರು ಕೊಂಡ ಬೆಲೆಗಿಂತಲೂ ಕೆಳಗೆ ಹೋಗಿ ಕೂತಿತ್ತು. ಉಳಿದವರೆಲ್ಲ ಇನ್ನೂ ತಲೆ ತಗ್ಗಿಸಿಯೇ ನಿಂತಿದ್ದರು. ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಫೋನು.

"ಯಾಕ್ಸಾರ್ ಇನ್ನೊಂದ್ ನಿಮಿಸ ಅಂದ್ರಿ?" ಕವಿತ ಕೇಳಿದಳು. "ನಂದು ಮೊದಲ್ನೇ ನಿಮಿಸ್ದಲ್ಲೇ ಮಾರೋಯ್ತು."

"ನಂದು ನೆಟ್ ಸ್ಲೋ ಇತ್ತು ಕಣಮ್ಮ," ಶಿವರಾಜು ಕಣ್ಣೊರೆಸಿಕೊಂಡರು. "ಕೊನೆಗಳ್ಗೇಲಿ ಮಾರಾಯ್ತು ಬುಡು."

ಸಂತೋಷ್ ಹತ್ತಿರ ಬಂದ. "ಅಣ್ಣ, ನೀನೂ ಮಾರ್ದೆ ತಾನೆ?"

"ಇಲ್ಲ ಕಣ್ಲಾ. ಕಣ್ ಮುಚ್ಕಂಡಿದ್ದೆ."

ಸಂತೋಷ್ ಅವನ ಮುಖವನ್ನೇ ನೋಡಿದ. "ಯಾಕಣ್ಣ, ನಿಂತಲ್ಲೇ ನಿದ್ದೆ ಬಂದ್ಬುಡ್ತಾ?"