ಪಪ್ಪನ ಪಾಲಿನ ತೀರ್ಥ

ಗಲ್ಫಿನಲ್ಲಿರುವವರ ಮನೆಗೆ ಊರಿನಿಂದ ಅಪ್ಪನೋ ಅಮ್ಮನೋ ವಿಸಿಟ್ ವೀಸಾದಲ್ಲಿ ಬಂದರು ಅಂದರೆ, ಅವರು ವಾಪಸ್ ವಿಮಾನ ಹತ್ತುವುದರೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ನಮ್ಮ ಆಫೀಸಿನ ಒಬ್ಬರ ಅಪ್ಪ ಮಾಲ್‌ನ ಎಸ್ಕಲೇಟರಿನಲ್ಲಿ ಹೇಗೋ ಮೇಲೆ ಹೋದವರು ಇಳಿಯಲು ಹೆದರಿ ಒಂದು ಮಧ್ಯಾಹ್ನವಿಡೀ ಚಪ್ಪಲಿ ಅಂಗಡಿಯಲ್ಲೇ ಕೂತಿದ್ದರು. ಅದನ್ನು ಹೇಳಿಕೊಂಡು ಅವರ ಮಗ ಇವತ್ತಿಗೂ ನಗುತ್ತಾನೆ. ನನ್ನದೂ ಅಂಥದ್ದೇ ಕಥೆ. ನಗಲಿಕ್ಕೆ ಮಾತ್ರ ನನಗೆ ಸ್ವಲ್ಪ ವರ್ಷ ಬೇಕಾಯಿತು.

ಬೇರೆಯವರ ಅಮ್ಮಂದಿರು ಬಹರೈನಿಗೆ ಬರುವುದು ಚಿನ್ನದ ಅಂಗಡಿ ನೋಡಲಿಕ್ಕೆ, ಸೌದಿಗೆ ಹೋಗುವ ಸೇತುವೆ ನೋಡಲಿಕ್ಕೆ. ನನ್ನ ಅಮ್ಮ ಬಂದದ್ದು ಪಪ್ಪನ ಗೋರಿ ನೋಡಲಿಕ್ಕೆ. ಪಪ್ಪ ಇಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ನಾನು ಒಂದನೇ ಕ್ಲಾಸಿನಲ್ಲಿರುವಾಗ ಇಲ್ಲಿಯ ಗುದೈಬಿಯಾ ಬಡಾವಣೆಯ ರೂಮಿನಲ್ಲಿ ಮಲಗಿದವರು ಏಳಲಿಲ್ಲ. ಆ ಕಾಲದಲ್ಲಿ ಶವ ಊರಿಗೆ ಕಳಿಸುವುದು ಸುಲಭವಿರಲಿಲ್ಲ, ಇಲ್ಲೇ ಮಣ್ಣು ಮಾಡಿದರು. ಮನೆಗೆ ಬಂದದ್ದು ಒಂದು ಟ್ರಂಕು.

ನಾವು ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮಂಚದ ಸುತ್ತ ಕೂತು ತೇರ್ಸ್, ಅಂದರೆ ಜಪಮಾಲೆ, ಹೇಳಿ, ಮನೆಯವರು ಒಬ್ಬೊಬ್ಬರಾಗಿ ಇಗರ್ಜಿಯ ತೀರ್ಥ ಚಿಮುಕಿಸಿ ಕಳಿಸಿಕೊಡುವುದು. ಅಮ್ಮನಿಗೆ ಅದು ಸಿಕ್ಕಿರಲಿಲ್ಲ. ಮದುವೆಯಾಗಿ ನಾನೂ ಬಹರೈನಿಗೇ ಬಂದು, ಜಿಂಜ್‌ನಲ್ಲಿ ಮನೆ ಮಾಡಿ, ಅಮ್ಮನಿಗೆ ಟಿಕೆಟ್ ಕಳಿಸಿದಾಗ ಅವಳು ಕೆಮ್ಮಿನ ಔಷಧಿಯ ಬಾಟಲಿ ತೊಳೆದು ಅದರಲ್ಲಿ ಊರಿನ ಇಗರ್ಜಿಯ ತೀರ್ಥ ತುಂಬಿಸಿಕೊಂಡು ಬಂದಳು. ಸೂಟ್‌ಕೇಸಿನಲ್ಲಿ ನನಗೆ ಒಂದು ಹಪ್ಪಳವೂ ಇರಲಿಲ್ಲ. ಕೇಳಿದರೆ, ಇದು ನಿನ್ನ ಪಪ್ಪನ ಪಾಲಿನದ್ದು, ಉಳಿದದ್ದೆಲ್ಲ ಇದನ್ನು ಕೊಟ್ಟ ಮೇಲೆ ಅಂದಳು. ನಮ್ಮ ಮಾತೆಲ್ಲ ಕೊಂಕಣಿ, ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಮಣ್ಣಿನ ಗುಡ್ಡೆ

ಪಪ್ಪನನ್ನು ಮಣ್ಣು ಮಾಡಿದ ಸ್ಮಶಾನದ ಉಸ್ತುವಾರಿ ನೋಡುವ ಗೋವಾದ ಅಂಕಲ್ ರಜೆಯಲ್ಲಿದ್ದರು. ಅವರು ಬರುವ ತನಕ ಅಮ್ಮನಿಗೆ ಬಹರೈನ್ ತೋರಿಸುವ ಅಂತ ಮೊದಲ ಶುಕ್ರವಾರ ಆಲಿ ಊರಿಗೆ ಕರೆದುಕೊಂಡು ಹೋದೆ. ಮನೆ, ಅಂಗಡಿ, ಕಾರು ನಿಲ್ಲಿಸುವ ಜಾಗ, ಎಲ್ಲದರ ನಡುವೆ ದೊಡ್ಡ ದೊಡ್ಡ ಮಣ್ಣಿನ ದಿಬ್ಬಗಳು. ಇದೆಂತದು ಅಂತ ಅಮ್ಮ ಕೇಳಿದಳು. ಸಾವಿರಾರು ವರ್ಷ ಹಳೆಯ ಗೋರಿಗಳು, ಜಗತ್ತಿನಿಂದೆಲ್ಲ ಜನ ನೋಡಲಿಕ್ಕೆ ಬರ್ತಾರೆ ಅಂದೆ. ನನಗಾದರೂ ಬುದ್ಧಿ ಬೇಡವಾ? ಗಂಡನ ಗೋರಿ ಹುಡುಕಿಕೊಂಡು ಬಂದವಳಿಗೆ ಮನರಂಜನೆಗೆ ಅಂತ ಊರಿಡೀ ಗೋರಿ ತೋರಿಸಿದೆ.

ಅಮ್ಮ ಕಾರಿನಿಂದ ಇಳಿದು ಹತ್ತಿರದ ಗುಡ್ಡೆಯ ಎದುರು ನಿಂತು ತೇರ್ಸ್ ತೆಗೆದಳು. ಇವರು ನಮ್ಮವರಲ್ಲ, ಇವರು ಸಾಯುವಾಗ ಏಸು ಸ್ವಾಮಿ ಹುಟ್ಟಿರಲೇ ಇಲ್ಲ ಅಂತ ಹೇಳಿದೆ. "ಹಾಗಾದರೆ ಪಾಪ, ಇಷ್ಟು ವರ್ಷದಲ್ಲಿ ಇವರಿಗೆ ಒಬ್ಬರೂ ಒಂದು ಪ್ರಾರ್ಥನೆ ಹೇಳಿಲ್ಲ" ಅಂತ ಶುರು ಮಾಡಿಯೇಬಿಟ್ಟಳು. ಬಿಸಿಲಲ್ಲಿ ನಾನೂ ನಿಂತೆ. ಬಾಟಲಿಯ ಮುಚ್ಚಳ ತೆಗೆದು ಒಂದೆರಡು ಹನಿ ಹಾಕಿದ್ದೂ ಆಯಿತು. ಆಗ ಆ ಬೀದಿಯ ಒಬ್ಬ ಅರಬಿ ಅಜ್ಜ ಪಿಕಪ್ ನಿಲ್ಲಿಸಿ, ತಾಯಿ ಎಷ್ಟು ಬೇಕಾದರೂ ಪ್ರಾರ್ಥನೆ ಮಾಡಲಿ, ಬೇಸರವಿಲ್ಲ ಅಂದ. ಆದರೆ ಗೋರಿ ಇರುವುದು ಆಚೆ ಬದಿಯಲ್ಲಂತೆ. ಇದು ಚರಂಡಿಗೆ ಅಗೆದು ಹಾಕಿದ ಮಣ್ಣಂತೆ.

ಚಂದದ ಗಂಡ

ಮುಂದಿನ ವಾರ ಟುಬ್ಲಿಗೆ ಹೋದೆವು. ಪಪ್ಪನ ಟ್ಯಾಂಕರ್ ನಿಲ್ಲುತ್ತಿದ್ದ ಗ್ಯಾರೇಜ್ ಅಲ್ಲೇ ಇತ್ತು, ಧಣಿ ಮಾತ್ರ ಬೇರೆ. ಒಳಗೆ ಗಡ್ಡ ಬಿಳಿಯಾದ ಒಬ್ಬ ಪಾಕಿಸ್ತಾನದ ಮೇಸ್ತ್ರಿ ಸ್ಟೂಲಿನ ಮೇಲೆ ಕೂತಿದ್ದ. ಹಳೆಯ ಕಾಲದಲ್ಲಿ ಮಂಗಳೂರಿನ ಒಬ್ಬ ಟ್ಯಾಂಕರ್ ಡ್ರೈವರ್ ಇದ್ದರಲ್ಲ, ಇವರು ಅವರ ಹೆಂಡತಿ ಅಂತ ಹಿಂದಿಯಲ್ಲಿ ಹೇಳಿದೆ. ಅವನು ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟುಕೊಂಡ. ನೆನಪಿಲ್ಲದೆ ಇರುತ್ತದಾ ಅಂತ ಕೇಳಿದ. ಎತ್ತರದ ಆಳು, ದೊಡ್ಡ ಮೀಸೆ, ಸಂಜೆಯಾದರೆ ಚಂದ ಹಾಡುತ್ತಿದ್ದರು, ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ ಅಂತ ಹೇಳುತ್ತಾ ಹೋದ.

ನನ್ನ ಪಪ್ಪ ಅಮ್ಮನಿಗಿಂತ ಗಿಡ್ಡ. ಮೀಸೆ ಇಟ್ಟವರಲ್ಲ. ಹಾಡುವುದು ಬಿಡಿ, ಇಗರ್ಜಿಯಲ್ಲೂ ಬಾಯಿ ಆಡಿಸುತ್ತಿದ್ದರು ಅಷ್ಟೇ. ಸಿಟ್ಟು ಬಂದರೆ ಆಚೆ ಮನೆಯ ಕೋಳಿ ಗೂಡು ಸೇರುತ್ತಿತ್ತಂತೆ. ಆದರೂ ಎಂತ ಮಾಡುವುದು, ಆ ಮುದುಕ ಕಣ್ಣೊರೆಸಿಕೊಂಡು ಹೇಳುವಾಗ ನಾನು ಒಂದೊಂದೇ ಮಾತನ್ನು ಕೊಂಕಣಿ ಮಾಡಿ ಅಮ್ಮನಿಗೆ ಒಪ್ಪಿಸಿದೆ. ಅಮ್ಮ ಒಮ್ಮೆಯೂ ತಡೆಯಲಿಲ್ಲ. ಚಹಾ ಕುಡಿದಳು, ಕೈ ಮುಗಿದಳು, ಬಂದು ಕಾರಿನಲ್ಲಿ ಕೂತಳು. ಅವನು ಹೇಳಿದ್ದು ಬೇರೆ ಯಾರ ವಿಷಯವೋ ಅಂತ ನಾನು ಮೆಲ್ಲನೆ ಬಾಯಿಬಿಟ್ಟೆ.

"ಗೊತ್ತುಂಟು" ಅಂದಳು. "ನಿನ್ನ ಪಪ್ಪನಿಗಿಂತ ಇವರೇ ವಾಸಿ ಕಂಡರು. ಅದಕ್ಕೆ ಪೂರ್ತಿ ಕೇಳಿದೆ."

ಮರುಭೂಮಿಯ ಮರ

ಇದು ಸಣ್ಣದು. ಮರುಭೂಮಿಯ ನಡುವೆ ನೂರಾರು ವರ್ಷದಿಂದ ಒಂಟಿಯಾಗಿ ನಿಂತ ಒಂದು ಮರ ಉಂಟು, ಬಂದವರಿಗೆಲ್ಲ ಅದನ್ನು ತೋರಿಸುವುದು ಇಲ್ಲಿಯ ರೂಢಿ. ಆಗಿನ್ನೂ ಮೊಬೈಲಿನಲ್ಲಿ ದಾರಿ ನೋಡುವ ಕಾಲ ಬಂದಿರಲಿಲ್ಲ. ಎರಡು ಸಲ ದಾರಿ ತಪ್ಪಿ, ಮರಳಲ್ಲಿ ಚಕ್ರ ಹೂತು, ನನ್ನ ಗಂಡ ಬೆವರು ಸುರಿಸಿ ದೂಡಿ, ಅಂತೂ ತಲುಪಿದೆವು. ಒಂದು ಮರ ತೋರಿಸಲಿಕ್ಕೆ ಇಷ್ಟೆಲ್ಲವಾ, ನಮ್ಮ ಹಿತ್ತಲಲ್ಲಿ ಕಡಿಯಲಿಕ್ಕೆ ಜನ ಸಿಗದೆ ಬಿಟ್ಟದ್ದೇ ಬೇಕಾದಷ್ಟುಂಟು ಅಂದಳು ಅಮ್ಮ. ನನ್ನ ಗಂಡ ಬೂಟು ಬಿಚ್ಚಿ ಒಳಗಿನ ಮರಳು ಸುರಿಯತೊಡಗಿದರು.

ಆಮೇಲೆ ಅಮ್ಮನಿಗೆ ಪಪ್ಪ ಟ್ಯಾಂಕರ್ ತಗೊಂಡು ಈ ಕಡೆಗೆಲ್ಲ ಬರುತ್ತಿದ್ದದ್ದು ನೆನಪಾಯಿತು. ಊಟಕ್ಕೆ ಈ ನೆರಳಲ್ಲಿ ಕೂತಿರಬಹುದಾ ಅಂತ ಕೇಳಿದಳು. ಇರಬಹುದು ಅಂದೆ. ಮರದ ಮೈತುಂಬ ಜನ ಹೆಸರು ಕೆತ್ತಿ ಹಾಳು ಮಾಡಿದ್ದಾರೆ, ಅಮ್ಮ ಕನ್ನಡಕ ಹಾಕಿಕೊಂಡು ಸುತ್ತಲೂ ಓದತೊಡಗಿದಳು. ಎಂತ ಹುಡುಕುವುದು ಅಂದರೆ, ನನ್ನ ಹೆಸರು ಅಂದಳು. ಒಂದು ಸುತ್ತು ಮುಗಿಸಿ ಬಂದು ಕನ್ನಡಕ ತೆಗೆದು, ನನ್ನ ಹೆಸರು ಇಲ್ಲ, ಸದ್ಯ, ಅವರ ಅಕ್ಷರದಲ್ಲಿ ಬೇರೆ ಯಾವಳ ಹೆಸರೂ ಇಲ್ಲ ಅಂತ ಹೇಳಿದಳು.

ಅಡ್ಜಸ್ಟ್

ಕೊನೆಗೂ ಗೋವಾದ ಅಂಕಲ್ ರಜೆ ಮುಗಿಸಿ ಬಂದರು. ಅಮ್ಮ ಬೆಳಿಗ್ಗೆ ಎದ್ದು ಮಡಿಸಿಟ್ಟ ಹೊಸ ಸೀರೆ ಉಟ್ಟಳು, ತಲೆಗೆ ಹೂವಿಲ್ಲದೆ ಅಷ್ಟು ಚಂದ ತಯಾರಾದದ್ದು ನಾನು ನೋಡಿರಲಿಲ್ಲ. ಸ್ಮಶಾನದ ಹೊಸ ಭಾಗದಲ್ಲಿ ಕಲ್ಲು, ಶಿಲುಬೆ, ಹೆಸರು ಎಲ್ಲ ಇತ್ತು. ಹಳೆಯ ಭಾಗದಲ್ಲಿ ಇದ್ದದ್ದು ಮರಳು. ಸಿಮೆಂಟಿನ ಗುರುತುಗಳು ಕೆಲವು ಹೂತುಹೋಗಿದ್ದವು, ಕೆಲವು ಉಪ್ಪಿಗೆ ಪುಡಿಯಾಗಿದ್ದವು. ಅಂಕಲ್ ಟೋಪಿ ತೆಗೆದು, ಆ ವರ್ಷದವರೆಲ್ಲ ಈ ಗೋಡೆಯಿಂದ ಆ ದೀಪದ ಕಂಬದ ನಡುವೆ ಎಲ್ಲೋ ಇದ್ದಾರೆ ಅಂದರು.

ಅಮ್ಮ ಬಾಟಲಿ ಹಿಡಿದುಕೊಂಡು ಆ ಗೋಡೆ ನೋಡಿದಳು, ಈ ಕಂಬ ನೋಡಿದಳು. ಅಂಕಲಿಗೆ ನಮ್ಮ ಸಂಕಟ ನೋಡಲಾಗಲಿಲ್ಲ. ನೀವು ಯಾವುದಾದರೂ ಒಂದು ಜಾಗ ಆರಿಸಿಕೊಳ್ಳಿ, ದೇವರು ಅಡ್ಜಸ್ಟ್ ಮಾಡ್ತಾರೆ ಅಂದರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೇ ಹೇಳಿದ್ದು.

"ದೇವರು ಮಾಡ್ತಾರೆ" ಅಂದಳು ಅಮ್ಮ. "ನಿನ್ನ ಪಪ್ಪ ಮಾಡುವುದಿಲ್ಲ. ಪಕ್ಕದವನಿಗೆ ಹಾಕಿ ಬಂದರೆ ಮುಖ ಊದಿಸಿಕೊಂಡು ಮಲಗಿರ್ತಾರೆ."

ಒಂದು ಹನಿಯೂ ಹಾಕದೆ ಮುಚ್ಚಳ ಬಿಗಿ ಮಾಡಿದಳು. ಕಾರಿನಲ್ಲಿ ಕೂತ ಮೇಲೆ ಅತ್ತಳು. ಅಷ್ಟು ದೊಡ್ಡ ದನಿಯಲ್ಲಿ ಅವಳು ಅತ್ತದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ, ಟ್ರಂಕು ಬಂದ ದಿನವೂ ಕೇಳಿರಲಿಲ್ಲ. ನಾನು ಎ.ಸಿ. ಜೋರು ಮಾಡಿ ಗಾಡಿ ಓಡಿಸಿದೆ.

ಕಿಟಕಿ ಬದಿಯ ಮಂಚ

ಅಮ್ಮ ಊರಿಗೆ ಹೊರಡಲು ವಾರವೂ ಉಳಿದಿರಲಿಲ್ಲ. ಪಪ್ಪ ಮಲಗಿದ್ದ ಜಾಗವಾದರೂ ಉಂಟಲ್ಲ, ಅದು ಮರಳಲ್ಲಿ ಹೂತುಹೋಗಿಲ್ಲವಲ್ಲ, ಅಲ್ಲಿಗೆ ಕರೆದುಕೊಂಡು ಹೋಗು ಅಂತ ಅಮ್ಮ ಹಿಡಿದ ಹಟ ಬಿಡಲಿಲ್ಲ. ಗುದೈಬಿಯಾದ ಆ ಕಟ್ಟಡ ನನಗೆ ಗೊತ್ತಿತ್ತು, ಪಪ್ಪನ ಜೊತೆಯಲ್ಲಿದ್ದ ಒಬ್ಬರು ಒಮ್ಮೆ ತೋರಿಸಿದ್ದರು. ಎರಡನೇ ಮಹಡಿ, ಕಿಟಕಿಯ ಬದಿಯ ಮೂಲೆ.

ಶುಕ್ರವಾರ ಮಧ್ಯಾಹ್ನ ಹೋಗಿ ಬಾಗಿಲು ತಟ್ಟಿದೆ. ಈಗಲೂ ಅದು ಬ್ಯಾಚುಲರುಗಳ ರೂಮೇ. ನಮ್ಮ ಕರಾವಳಿಯ ಹುಡುಗರು, ಇಬ್ಬರು ಮಲಯಾಳಿಗಳು. ನನ್ನ ತಂದೆ ಹಿಂದೆ ಈ ರೂಮಿನಲ್ಲಿ ಇದ್ದರು, ಅಮ್ಮನಿಗೆ ಒಮ್ಮೆ ನೋಡಬೇಕಂತೆ ಅಂದೆ. ಇದ್ದರು ಅಂದೆನೇ ಹೊರತು ಇಲ್ಲೇ ತೀರಿಹೋದರು ಅಂತ ಹೇಳಲಿಲ್ಲ. ಹೇಳಿದರೆ ಆ ಮೂಲೆಯಲ್ಲಿ ಇನ್ನು ಯಾರು ಮಲಗುತ್ತಾರೆ? ಅಮ್ಮನಿಗೂ ದಾರಿಯಲ್ಲೇ ಹೇಳಿಕೊಟ್ಟಿದ್ದೆ, ಅವಳು ತಲೆಯನ್ನೂ ಆಡಿಸಿದ್ದಳು.

ಹುಡುಗರು ಗಡಿಬಿಡಿಯಿಂದ ಬನಿಯನ್ನು, ಬಕೆಟು ಎಲ್ಲ ಮಂಚದಡಿಗೆ ದೂಡಿ ಕುರ್ಚಿ ಇಟ್ಟರು. ಕಿಟಕಿ ಬದಿಯ ಮೂಲೆ ಯಾವಾಗಲೂ ಸೀನಿಯರಿಗೇ ಅಂತ ಒಬ್ಬ ಹೇಳಿದ. ಈಗ ಇರುವವರು ರೂಮು ಬಿಟ್ಟರೆ ಅದು ತನಗೇ ಅಂತ ಹೆಮ್ಮೆಯಿಂದ ಸೇರಿಸಿದ. ನಾವು ಆ ಕಡೆ ತಿರುಗಿದೆವು. ಮಂಚದ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಚಾದರ ಹೊದ್ದು ಒಬ್ಬ ಅಂಗಾತ ಮಲಗಿದ್ದ. ರಾತ್ರಿ ಪಾಳಿಯ ವಾಚ್‌ಮನ್, ಕುಂದಾಪುರದ ಕಡೆಯವನು. ಎಬ್ಬಿಸುತ್ತೇವೆ ಅಂತ ಹುಡುಗರು ಹೊರಟರು. ಅಮ್ಮ ಕೈ ಅಡ್ಡ ಹಿಡಿದಳು.

ಆ ಬಿಳಿ ಚಾದರವನ್ನೇ ಅವಳು ನೋಡುತ್ತಾ ನಿಂತಳು. ಅಂದು ಅವಳಿಗೆ ನೋಡಲು ಸಿಗದೆ ಹೋದದ್ದು ಅಲ್ಲಿ ಹಾಗೇ ಮಲಗಿತ್ತು. ನಾನು ಸೆರಗು ಹಿಡಿಯುವಷ್ಟರಲ್ಲಿ ಅವಳು ಮಂಚದ ಬದಿಯಲ್ಲಿ ಮೊಣಕಾಲೂರಿ ಪ್ರಾರ್ಥನೆ ಶುರು ಮಾಡಿದ್ದಳು, ಸತ್ತವರಿಗೆ ಹೇಳುವ ಪ್ರಾರ್ಥನೆ. ನಾನೂ ಮೊಣಕಾಲೂರಿದೆ. ಹುಡುಗರು ಹಿರಿಯರ ಮರ್ಯಾದೆಗೆ ಎದ್ದು ನಿಂತು ತಲೆ ತಗ್ಗಿಸಿದರು. ಭಟ್ಕಳದ ಒಬ್ಬ ಹುಡುಗ ಎರಡೂ ಅಂಗೈ ಬಿಡಿಸಿ ಅವನ ಕ್ರಮದಲ್ಲಿ ನಿಂತ. ಪೂರ್ತಿ ಮುಗಿಸಿದ ಮೇಲೆ ಅಮ್ಮ ಬಾಟಲಿ ತೆಗೆದು, ಉಳಿದದ್ದೆಲ್ಲ ಅಂಗೈಗೆ ಸುರಿದುಕೊಂಡು, ತಲೆಯ ಕಡೆಗೊಮ್ಮೆ, ಎದೆಯ ಕಡೆಗೊಮ್ಮೆ, ಕಾಲಿನ ಕಡೆಗೊಮ್ಮೆ ಚೆನ್ನಾಗಿ ಚಿಮುಕಿಸಿದಳು.

ಚಾದರ ಸರಿಯಿತು. ಆ ಮನುಷ್ಯ ಕಣ್ಣು ಬಿಟ್ಟ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಮುದುಕಿ, ಕೈಯಲ್ಲಿ ಜಪಮಾಲೆ, ಕೆನ್ನೆಯಲ್ಲಿ ನೀರು. ಸುತ್ತಲೂ ರೂಮಿನವರೆಲ್ಲ ತಲೆ ತಗ್ಗಿಸಿ ನಿಂತಿದ್ದಾರೆ. ಅವನು ಒಬ್ಬೊಬ್ಬರ ಮುಖ ನೋಡಿದ, ತನ್ನ ಮೈಮೇಲಿನ ಬಿಳಿ ಬಟ್ಟೆ ನೋಡಿಕೊಂಡ.

"ಎಂತ ಆಯ್ತ್?" ಅಂದ. "ನಾನ್ ಸತ್ತ್ ಹೋದ್ನಾ?"

ಅಮ್ಮ ಅವನ ಹಣೆಯ ಮೇಲೆ ಒದ್ದೆ ಕೈ ಇಟ್ಟಳು. ದಾರಿಯಲ್ಲಿ ಹೇಳಿಕೊಟ್ಟದ್ದೆಲ್ಲ ನೀರಿಗೆ ಹೋಯಿತು. "ಇಲ್ಲಿ ಸತ್ತದ್ದು ನನ್ನ ಗಂಡ, ಮಗಾ" ಅಂದಳು, ಅವಳಿಗೆ ಬರುವ ಕನ್ನಡದಲ್ಲಿ. "ನೀನಲ್ಲ. ನೀನು ಮಲಗು."

ಅವನು ಎಲ್ಲಿ ಮಲಗುವುದು? ಒಂದೇ ನೆಗೆತಕ್ಕೆ ಬಾಗಿಲ ಹತ್ತಿರ ಇದ್ದ. ಆ ಮಂಚಕ್ಕೆ ಕಾದಿದ್ದ ಹುಡುಗ, ನನಗೆ ನನ್ನ ಮೂಲೆಯೇ ಸಾಕು ಅಂದುಬಿಟ್ಟ. ನಾನು ಎಲ್ಲರ ಹತ್ತಿರ ಕ್ಷಮೆ ಕೇಳಿ ಅಮ್ಮನನ್ನು ಎಳೆದುಕೊಂಡು ಹೊರಟೆ. ಮೆಟ್ಟಿಲ ಹತ್ತಿರ ಆ ವಾಚ್‌ಮನ್ ದಿಂಬು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅಮ್ಮ ಅವನೆದುರು ನಿಂತು, ಊರಲ್ಲಿ ಹೆಂಡತಿ ಇದ್ದಾಳಾ ಅಂತ ಕೇಳಿದಳು. ಇದ್ದಾಳೆ ಅಂದ. ಹಾಗಾದರೆ ಈಗಲೇ ಫೋನ್ ಮಾಡು, ನನ್ನೆದುರೇ ಮಾಡು, ಬದುಕಿದ್ದೇನೆ ಅಂತ ಹೇಳು ಅಂದಳು.

ಅವನಿಗೂ ಅಷ್ಟು ಹೆದರಿಕೆಯಲ್ಲಿ ಯಾರದ್ದಾದರೂ ಸ್ವರ ಬೇಕಿತ್ತು ಅಂತ ಕಾಣುತ್ತದೆ, ಮಾಡಿಯೇಬಿಟ್ಟ. ಏ, ನಾನ್ ಬದ್ಕಿದ್ದೆ ಮಾರಾಯ್ತಿ ಅಂದ. ಆಚೆಯ ದನಿ ಮೆಟ್ಟಿಲಿಗೆಲ್ಲ ಕೇಳಿಸಿತು.

"ಹಗಲ್ ಹೊತ್ತಲ್ಲೇ ಕುಡ್ಕಂಡ್ ಕೂತಿದ್ರಿಯಾ?"

ಅಲ್ಲಿಗೆ ನಿಲ್ಲಲಿಲ್ಲ. ಗ್ಯಾಸ್ ಮುಗಿದದ್ದು, ಮಗ ಶಾಲೆಯಲ್ಲಿ ಹೊಡೆದಾಡಿ ಬಂದದ್ದು, ಹೋದ ವಾರ ಫೋನ್ ಮಾಡದೆ ಇದ್ದದ್ದು, ಒಂದರ ಹಿಂದೆ ಒಂದು ಬಂತು. ಅವನು ಹ್ಞೂಂ ಹ್ಞೂಂ ಅನ್ನುತ್ತಾ ಮೆಟ್ಟಿಲ ಮೇಲೆ ಕೂತ. ಹೋಗುವ ಅಂತ ನಾನು ಅಮ್ಮನ ಕೈ ಎಳೆದೆ, ಅವಳು ಕದಲಲಿಲ್ಲ. ಆ ಹೆಂಗಸು ಬೈದು ಮುಗಿಸುವ ತನಕ ಅಲ್ಲೇ ನಿಂತು, ಇಗರ್ಜಿಯಲ್ಲಿ ಪ್ರಸಂಗ ಕೇಳುವವಳ ಹಾಗೆ ಪೂರ್ತಿ ಕೇಳಿದಳು.

ಆಮೇಲೆ ನನ್ನ ಕೈ ಹಿಡಿದು ಇಳಿಯುತ್ತಾ ಅಂದಳು, "ನನಗೂ ನಿನ್ನ ಪಪ್ಪನಿಗೆ ಹೀಗೇ ಒಮ್ಮೆ ಬೈಯಲಿಕ್ಕಿತ್ತು."